ಗೆರ್ದೂದರೆಯಲ್ಲಿ ಜನ ಇದ್ದಾರೆ

ಗೆರ್ದೂದರೆ ಎಲ್ಲಿದೆ ಎಂದು ಕೇಳಿದವರಿಗೆಲ್ಲ ಹೇಳಿ ಹೇಳಿ ನನಗೆ ಸಾಕಾಗಿದೆ. ಸೋಮವಾರಪೇಟೆ ಸಂತೆಯಲ್ಲಿ ಸಿಕ್ಕವರು ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ. "ಪರ್ಷಿಯಾಕ್ಕೆ ಹೋಗಿದ್ರಂತಲ್ಲ ಅಕ್ಕ, ಅರಮನೆ ಗಿರಮನೆ ಎಲ್ಲ ನೋಡಿದ್ರಾ?" ಅರಮನೆ ನೋಡಲಿಲ್ಲ ಮಾರಾಯರೇ, ಒಂದು ಹಳ್ಳಿ ನೋಡಿಕೊಂಡು ಬಂದೆ. ಅಷ್ಟು ಹೇಳಿದರೆ ಅವರ ಮುಖ ಸಪ್ಪಗಾಗುತ್ತದೆ. ಹಡಗು ಹತ್ತಿ ಹೋದವಳು ಹಳ್ಳಿ ನೋಡಿ ಬಂದಳಂತೆ!

ಶಾಲೆಯ ಭೂಪಟದಲ್ಲಿ ಅದನ್ನು ಹುಡುಕಬೇಡಿ. ಹಮದಾನ್ ಎಂಬ ಪೇಟೆಯ ಬೆನ್ನಿಗೊಂದು ಬೋಳು ಬೆಟ್ಟದ ಸಾಲಿದೆ. ಅದನ್ನು ಬಳಸಿಕೊಂಡು ಆಚೆ ಹೋದರೆ ಬಸ್ಸು ನಿಲ್ಲುವ ದೊಡ್ಡ ಊರೊಂದು ಸಿಗುತ್ತದೆ. ಅಲ್ಲಿಂದ ಹೇಸರಗತ್ತೆ ಹೋಗುವ ದಾರಿ ಹಿಡಿದು ಕಣಿವೆಯೊಳಗೆ ಹತ್ತಬೇಕು. ಗೆರ್ದೂ ಎಂದರೆ ಅವರ ಮಾತಿನಲ್ಲಿ ಅಕ್ರೋಟು, ದರೆ ಎಂದರೆ ಕಣಿವೆ. ಪಾರ್ಸಿ ಬಿಟ್ಟು ಬೇರೆ ಭಾಷೆ ಅಲ್ಲಿ ಯಾರಿಗೂ ಬಾರದು. ಒಂದೇ ಬೀದಿಯಲ್ಲಿ ಐದು ಭಾಷೆ ಕೇಳಿ ಬೆಳೆದ ನನಗೆ ಅದೇ ಒಂದು ಸೋಜಿಗ.

ಇನ್ನು, ಅಲ್ಲಿ ಎಷ್ಟು ಜನ ಇದ್ದಾರೆ ಎಂಬ ಪ್ರಶ್ನೆ. ಅದಕ್ಕೆ ಉತ್ತರ ಹೇಳುವುದಕ್ಕೇ ಇಷ್ಟು ಬರೆಯಲು ಕೂತಿದ್ದೇನೆ. ಒಬ್ಬ ಸರ್ಕಾರಿ ಮನುಷ್ಯ ಮೂರು ಎಂದ. ಅವನು ಹಾಗೆ ಹೇಳುವಾಗ ನಾನು ಎದುರಿಗೇ ಕೂತಿದ್ದೆ.

ಹಡಗಿನ ಮೇಲೆ

ಯುದ್ಧದ ಕಾಲದಲ್ಲಿ ನಮ್ಮ ಮನೆಯವರು ಸೈನ್ಯದ ಲಾರಿ ಓಡಿಸುತ್ತ ಪರ್ಷಿಯಾದಲ್ಲಿದ್ದರು. ಒಂದು ಚಳಿಗಾಲ ಹಿಮ ಬಿದ್ದು ರಸ್ತೆ ಮುಚ್ಚಿದಾಗ ಇವರಿಗೆ ಜ್ವರ ನೆತ್ತಿಗೇರಿತು. ಆಸ್ಪತ್ರೆಗೆ ಹೋಗಲು ದಾರಿಯಿಲ್ಲ. ಲಾರಿಗೆ ದಾರಿ ತೋರಿಸಲು ಜೊತೆಯಲ್ಲಿದ್ದ ಗುಲಾಮಲಿ ಎಂಬಾತ ಇವರನ್ನು ಹೇಸರಗತ್ತೆಯ ಮೇಲೆ ಹಾಕಿಕೊಂಡು ತನ್ನೂರಿಗೆ ಒಯ್ದು ತಾಯಿಯ ಕೈಗೊಪ್ಪಿಸಿದ. ಆ ತಾಯಿ ಇವರನ್ನು ಬದುಕಿಸಿ ಕಳಿಸಿದಳು. ಊರೆಲ್ಲ ಅವಳನ್ನು ಬೀಬಿ ಎನ್ನುತ್ತದೆ, ನಾವೂ ಹಾಗೇ ಅನ್ನುತ್ತೇವೆ.

ಅಂದಿನಿಂದ ಗುಲಾಮಲಿಯ ಕಾಗದ ಆಗಾಗ ಬರುತ್ತಿತ್ತು. ಇವರಿಗೆ ಪಾರ್ಸಿ ಮಾತಾಡಲು ಬರುತ್ತಿತ್ತು, ಓದಲು ಬಾರದು; ಸೋಮವಾರಪೇಟೆಯ ಉರ್ದು ಮೇಷ್ಟ್ರು ತಡವರಿಸಿಕೊಂಡು ಓದಿ ಹೇಳುತ್ತಿದ್ದರು. ಈ ಸಲದ್ದರಲ್ಲಿ ಬೀಬಿಗೆ ಕಾಲು ಸೋತಿದೆ, ಹಿಂದೂಸ್ತಾನದ ಮಗನನ್ನು ಒಮ್ಮೆ ನೋಡಬೇಕಂತೆ ಎಂದಿತ್ತು. ಇವರು ಅಂದೇ ಪೆಟ್ಟಿಗೆ ಅಟ್ಟದಿಂದ ಇಳಿಸಿದರು.

"ಏಲಕ್ಕಿ ಕೊಯ್ಲಿನ ಟೈಮಲ್ಲಿ ಹೋಗೋದೇನ್ರೀ? ತಲೆ ನೆಟ್ಟಗಿದೆಯಾ ನಿಮ್ಗೆ?" ಎಂದೆ.

"ಕೊಯ್ಲು ಬರೋ ವರ್ಷವೂ ಬರ್ತದೆ ಮಾರಾಯ್ತಿ. ಬೀಬಿ ಇರ್ತಾರಾ?" ಎಂದರು.

 ಏಲಕ್ಕಿ ಮಲೆಯ ಜವಾಬ್ದಾರಿ ಮೈದುನನ ತಲೆಗೆ ಕಟ್ಟಿ, ಒಳ್ಳೆಯ ಹಸಿರು ಏಲಕ್ಕಿ ಒಂದು ಡಬ್ಬಿ ತುಂಬಿಸಿಕೊಂಡು ಹೊರಟೆ. ಆ ಡಬ್ಬಿಯನ್ನು ಬೊಂಬಾಯಿಯಲ್ಲಿ ಒಬ್ಬ ಸುಂಕದವನು ಮೂಸಿದ, ಪರ್ಷಿಯಾದ ರೇವಿನಲ್ಲಿ ನಾಲ್ವರು ಮೂಸಿದರು. ಮೂಸಿದವರೆಲ್ಲ ಎರಡೆರಡು ಕಾಯಿ ಜೇಬಿಗೆ ಹಾಕಿಕೊಂಡರು. ಕಳ್ಳರು ಯಾವ ದೇಶದಲ್ಲಾದರೂ ಒಂದೇ.

ಹಡಗಿನಲ್ಲಿ ಕನ್ನಡ ಬಲ್ಲ ದೊಡ್ಡ ಮನುಷ್ಯರೊಬ್ಬರು ಸಿಕ್ಕಿದರು. ಕನ್ನಡ ಕಿವಿಗೆ ಬಿದ್ದದ್ದೇ ತಡ, ನನಗೆ ತವರಿನವರು ಸಿಕ್ಕಷ್ಟು ಸಂತೋಷ. ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ.

"ಯಾವ ಕಡೆಯವರು ತಾವು?"

"ಕೊಡಗಿನವರು."

"ಓಹೋ, ಕೊಡಗು! ಎಷ್ಟು ಜನ ಇದ್ದೀರಿ ನೀವೆಲ್ಲ ಸೇರಿದ್ರೆ? ಅದಕ್ಕೊಂದು ರಾಜ್ಯ, ಇಬ್ಬರು ಮಂತ್ರಿಗಳು ಬೇರೆ! ಇನ್ನೇನು, ಮೈಸೂರಿಗೆ ಸೇರಿಸಿಬಿಡ್ತಾರಲ್ಲ. ಒಳ್ಳೇದಾಯ್ತು ಬಿಡಿ."

"ನಿಮ್ಮನೇಲಿ ಎಷ್ಟು ಜನ ಸಾರ್?" ಎಂದು ಕೇಳಿದೆ.

"ನಾವು ಐದು ಜನ."

"ಪಕ್ಕದ ಮನೇಲಿ ಹನ್ನೆರಡು ಜನ ಇದ್ರೆ ನಿಮ್ಮನೆ ಅವರದ್ದಾಗ್ತದಾ?"

ನಮ್ಮ ಮನೆಯವರು ಮೆಲ್ಲಗೆ ನನ್ನ ಕಾಲು ತುಳಿದರು. ನಾನು ತಿರುಗಿ ತುಳಿದೆ. ಮೈಸೂರಿಗೆ ಸೇರುವುದು ಸರಿಯೋ ತಪ್ಪೋ, ಅದು ಬೇರೆ ಮಾತು. ನನ್ನ ಒಡಹುಟ್ಟಿದ ತಮ್ಮನೇ ಸೇರಬೇಕು ಎನ್ನುವವನು, ಊಟಕ್ಕೆ ಕೂತರೆ ನಮ್ಮಿಬ್ಬರಿಗೂ ಇದೇ ಜಗಳ. ಆದರೆ "ನೀವು ಎಷ್ಟು ಜನ" ಎಂದು ಕೇಳಿ ಬಾಯಿ ಓರೆ ಮಾಡಿ ನಗುವುದಿದೆಯಲ್ಲ, ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಉಳಿದ ದಾರಿಯುದ್ದಕ್ಕೂ ಆ ಮನುಷ್ಯರು ಹಡಗಿನ ಇನ್ನೊಂದು ತುದಿಯಲ್ಲೇ ಕೂತಿದ್ದರು.

ಬಸ್ಸಿನಲ್ಲಿ ಒಂದು ಶಾಲು

ರೈಲು ಇಳಿದ ಕಡೆ ಗುಲಾಮಲಿ ಕಾದಿದ್ದ. ಎತ್ತರದ ಆಳು, ಮೀಸೆ ನರೆತಿದೆ. ನಮ್ಮ ಮನೆಯವರನ್ನು ತಬ್ಬಿಕೊಂಡು ಗಳಗಳ ಅತ್ತ. ಗಂಡಸರು ರೈಲು ನಿಲ್ದಾಣದಲ್ಲಿ ನಿಂತು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಅಕ್ಕಪಕ್ಕದವರು ಯಾರೂ ತಿರುಗಿ ನೋಡಲಿಲ್ಲ, ಅಲ್ಲಿ ಅದು ಮಾಮೂಲಂತೆ.

ಬಸ್ಸಿನಲ್ಲಿ ನನ್ನ ಪಕ್ಕದ ಹೆಂಗಸು ಹೂವಿನ ಅಂಚಿನ ಶಾಲು ಹೊದ್ದಿದ್ದಳು. ನಾನು ಅಂಚು ಮುಟ್ಟಿ, ತಲೆಯಾಡಿಸಿ, ಚೆನ್ನಾಗಿದೆ ಎಂದು ಸನ್ನೆ ಮಾಡಿದೆ. ಅವಳು ತಕ್ಷಣ ತೆಗೆದು ನನ್ನ ಮಡಿಲಿಗಿಟ್ಟಳು. ಎಂಥ ಒಳ್ಳೆಯ ಜನ ಎಂದುಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡು ಹೊದ್ದುಕೊಂಡೆ. ಅವಳ ಮುಖ ಯಾಕೋ ಬಿಳಿಚಿತು. ಬಸ್ಸು ಇಳಿದ ಮೇಲೆ ಇವರು ತಲೆ ಚಚ್ಚಿಕೊಂಡರು.

"ಅವಳು ಕೊಡ್ಬೇಕು, ನೀನು ಬೇಡ ಅನ್ಬೇಕು. ಮತ್ತೆ ಕೊಡ್ತಾಳೆ, ಮತ್ತೆ ಬೇಡ ಅನ್ಬೇಕು. ಆಮೇಲೆ ಅವಳೇ ಇಟ್ಕೊಳ್ತಾಳೆ. ಇಲ್ಲಿ ಪದ್ಧತಿ ಹಾಗೆ."

"ಮೊದಲೇ ಹೇಳೋದಕ್ಕೇನಾಗಿತ್ತು ನಿಮ್ಗೆ?"

ನಮ್ಮ ಕಡೆಯೂ ಬಡಿಸುವಾಗ ಸಾಕು ಸಾಕು ಎನ್ನುತ್ತೇವೆ, ಆದರೆ ಎಲೆಗೆ ಬಿದ್ದದ್ದನ್ನು ಯಾರೂ ವಾಪಸು ಹಾಕುವುದಿಲ್ಲವಲ್ಲ! ಬಸ್ಸು ಆಗಲೇ ಧೂಳೆಬ್ಬಿಸಿಕೊಂಡು ಹೋಗಿತ್ತು. ಆ ಪುಣ್ಯಾತ್ಮಳು ಯಾರೋ, ಅವಳ ಶಾಲು ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ.

ಕೆಳಗಿನ ಊರು

ಬಸ್ಸು ನಿಲ್ಲುವ ಊರನ್ನು ಗುಲಾಮಲಿ ಕೆಳಗಿನ ಊರು ಎಂದೇ ಕರೆಯುತ್ತಿದ್ದ. ದ್ರಾಕ್ಷಿ ತೋಟ, ಗೋಧಿ ಹೊಲ, ಶಾಲೆ, ಎರಡು ಚಹಾದಂಗಡಿ, ಎಲ್ಲವೂ ಉಂಟು. ಚಹಾದಂಗಡಿಯಲ್ಲಿ ಕೂತೆವು. ನಾನು ಸಕ್ಕರೆ ತುಂಡನ್ನು ಗ್ಲಾಸಿಗೆ ಹಾಕಿ ಕಲಕಲು ಚಮಚ ಕೇಳಿದೆ. ಅಂಗಡಿಯವನು ಕನಿಕರದಿಂದ ನೋಡಿದ. ಅವರು ಸಕ್ಕರೆ ತುಂಡನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಅದರ ಮೇಲೆ ಚಹಾ ಹೀರುತ್ತಾರೆ. ಬೆಲ್ಲ ಕಚ್ಚಿಕೊಂಡು ಕರಿಕಾಫಿ ಕುಡಿಯುವ ನನ್ನ ಅತ್ತೆ ಇದ್ದಿದ್ದರೆ ಅಲ್ಲಿ ಒಂದೇ ದಿನದಲ್ಲಿ ಊರಿನವಳಾಗುತ್ತಿದ್ದಳು.

ಎದುರಿನ ಜಗಲಿಯಲ್ಲಿ ಒಬ್ಬ ಕೋಟು ಹಾಕಿದ ಯುವಕ ಕೋಳಿ ಮುರಿಯುತ್ತ ಕೂತಿದ್ದ. ಪಕ್ಕದಲ್ಲಿ ಆ ಊರಿನ ಮುಖಂಡ, ನಮ್ಮ ಪಟೇಲರಿದ್ದ ಹಾಗೆ, ತಾನೇ ಬಡಿಸುತ್ತಿದ್ದ. ಯುವಕ ಪೇಟೆಯ ಕಚೇರಿಯವನು. ಯಾವ ಹಳ್ಳಿ ಎಲ್ಲಿದೆ, ಎಷ್ಟು ಜನ ಇದ್ದಾರೆ ಎಂದು ಸರ್ಕಾರ ಎಣಿಸುತ್ತಿದೆಯಂತೆ, ಅದಕ್ಕೆ ಬಂದವನು. ನಾವು ಗೆರ್ದೂದರೆಗೆ ಹೋಗುವವರು ಎಂದು ತಿಳಿದು ನಕ್ಕ. ಅವನ ಮಾತನ್ನು ನಮ್ಮ ಮನೆಯವರು ನನಗೆ ಹೇಳುತ್ತ ಹೋದರು.

"ಅಲ್ಲಿ ಯಾರನ್ನ ನೋಡೋಕೆ ಹೋಗ್ತೀರಿ? ನಿನ್ನೆ ನಾನೇ ಹೋಗಿದ್ದೆ. ಒಬ್ಬ ಕುರುಡ, ಅವನ ಹೆಂಡತಿ, ಒಬ್ಬ ಕುಂಟ. ಮೂರೇ ಜನ. ಅದು ಊರಲ್ಲ ಅಂತ ತೀರ್ಮಾನಿಸಿ ಈ ಊರಿಗೇ ಸೇರಿಸಿ ಆಯ್ತು."

ಮುಖಂಡ ಅವನ ತಟ್ಟೆಗೆ ಇನ್ನೊಂದು ಕೋಳಿಕಾಲು ಹಾಕಿದ.

ಗುಲಾಮಲಿ ಚಹಾದ ಗ್ಲಾಸು ಕೆಳಗಿಟ್ಟ. "ಈಗ ಅಕ್ರೋಟು ಬಡಿಯುವ ಕಾಲ. ಊರೆಲ್ಲ ಮೇಲೆ ತೋಟದಲ್ಲಿದೆ. ಅದು ನಿಮಗೆ ಗೊತ್ತಿಲ್ಲವೇ?" ಎಂದು ಮುಖಂಡನನ್ನು ಕೇಳಿದ.

"ಇವರು ಊರನ್ನು ಎಣಿಸಲು ಬಂದವರು, ಮರಗಳನ್ನಲ್ಲ" ಎಂದ ಮುಖಂಡ.

ಇದನ್ನು ಕೇಳಿ ನನ್ನ ನೆತ್ತಿಯಲ್ಲಿ ಹೊಗೆ ಎದ್ದಿತು. ಏಲಕ್ಕಿ ಕೊಯ್ಲಿನಲ್ಲಿ ನಾವೂ ಮನೆಗೆ ಬೀಗ ಹಾಕಿ ಮಲೆ ಹತ್ತಿ, ಸೋಗೆ ಗುಡಿಸಲಲ್ಲಿ ವಾರಗಟ್ಟಲೆ ಇರುವವರು. ಆಗ ಯಾರಾದರೂ ನಮ್ಮೂರಿಗೆ ಬಂದರೆ ಒಂದು ನಾಯಿ ಸಿಕ್ಕೀತು, ಅದೂ ಮುದಿ ನಾಯಿ. ಹಾಗೆಂದು ನಾವು ಇಲ್ಲ ಎಂದಾಯಿತೇ?

ಬೀಗ ಹಾಕಿದ ಮನೆಗಳು

ಹತ್ತುವ ದಾರಿಯಲ್ಲಿ ಗುಲಾಮಲಿ ವಿಷಯ ಬಿಡಿಸಿ ಹೇಳಿದ. ಊರು ಎಂದು ಬರೆದರೆ ಅದಕ್ಕೆ ಅದರದೇ ಮುಖಂಡ, ಅದರದೇ ನೀರು. ಕೆಳಗಿನ ಊರಿಗೆ ಸೇರಿತೆಂದರೆ ಕಣಿವೆಯ ನೀರು ಯಾರಿಗೆ ಎಷ್ಟು ಹೊತ್ತು ಎಂದು ಕೋಳಿ ಬಡಿಸುತ್ತಿದ್ದ ಆ ಮನುಷ್ಯ ಹೇಳುತ್ತಾನೆ. ಅವನ ದ್ರಾಕ್ಷಿ ತೋಟ ಪ್ರತಿ ವರ್ಷ ದೊಡ್ಡದಾಗುತ್ತಿದೆ. ನೀರು ತಪ್ಪಿದರೆ ಅಕ್ರೋಟಿನ ಮರಗಳು ಒಂದೆರಡು ಬೇಸಿಗೆಯಲ್ಲಿ ಒಣಗುತ್ತವೆ, ಆಮೇಲೆ ಊರು ನಿಜಕ್ಕೂ ಮೂರೇ ಜನರದ್ದಾಗುತ್ತದೆ.

ಊರು ಸಿಕ್ಕಿತು. ಒಂದರ ಚಾವಣಿ ಇನ್ನೊಂದರ ಅಂಗಳವಾಗುವಂತೆ ಬೆಟ್ಟಕ್ಕೆ ಆನಿಸಿ ಕಟ್ಟಿದ ಮಣ್ಣಿನ ಮನೆಗಳು. ಎಲ್ಲದಕ್ಕೂ ಬೀಗ. ಬಿಸಿಲಲ್ಲಿ ಆ ಮೂವರು ಮುದುಕರು ಕೂತಿದ್ದರು. ಕುರುಡಜ್ಜ ದಿನ್ನೆ ಕಡೆ ಮುಖ ಮಾಡಿ ಹೇಳಿದ, "ನಿನ್ನೆ ಯಾರೋ ಬೂಟು ಹಾಕಿದವನು ಬಂದಿದ್ದ. ಉಳಿದವರೆಲ್ಲ ಮೇಲಿದ್ದಾರೆ ಎಂದೆ. ಅಲ್ಲಿವರೆಗೆ ಹತ್ತಲು ಬೂಟು ಕಚ್ಚುತ್ತದೆ ಎಂದ."

ಮರಗಳ ಕೆಳಗೆ

ಮೇಲೆ ಹೋದರೆ ಕಣಿವೆಯೇ ಗದ್ದಲ! ಗಂಡಸರು ಮರದ ನೆತ್ತಿಯಲ್ಲಿ ಉದ್ದನೆಯ ಗಳು ಹಿಡಿದು ಬಡಿಯುತ್ತಿದ್ದಾರೆ, ಹಸಿರು ಕಾಯಿ ಆಲಿಕಲ್ಲಿನಂತೆ ಉದುರುತ್ತಿದೆ, ಹೆಂಗಸರು ಮಕ್ಕಳು ಆಯ್ದು ಸಿಪ್ಪೆ ಸುಲಿಯುತ್ತಿದ್ದಾರೆ. ಮರದಿಂದ ಮರಕ್ಕೆ ಹಾಡು, ಬೈಗುಳ, ನಗು. ಎಲ್ಲರ ಕೈಯೂ ಮೊಣಕೈವರೆಗೆ ಕಪ್ಪು. ಸಿಪ್ಪೆಯ ರಸ ಹಾಗೆ ಬಣ್ಣ ಕಟ್ಟುತ್ತದೆ. ಅದು ತಿಳಿಯದೆ ನಾನೂ ಕೂತು ಸುಲಿದೆ. ಎಷ್ಟು ಉಜ್ಜಿದರೂ ಕಪ್ಪು ಹೋಗದ ಕೈ ಹೊತ್ತುಕೊಂಡು ಕೊಡಗಿಗೆ ಬಂದೆ.

ಬೀಬಿ ಒಂದು ಕಂಬಳಿಯ ಮೇಲೆ ಕೂತಿದ್ದಳು. ನಮ್ಮ ಮನೆಯವರ ಮುಖವನ್ನು ಎರಡು ಕಪ್ಪು ಕೈಯಲ್ಲಿ ಹಿಡಿದು, ಕೆನ್ನೆ ಸವರಿ, ಮೊದಲ ಮಾತಿಗೇ ಬೈದಳು, "ಇಷ್ಟು ತಡ ಮಾಡಿದೆಯಲ್ಲ, ನಾನೇನು ಬೆಟ್ಟವೇ ಹಾಗೇ ಕೂತಿರಲು?" ಇವರು ಚಿಕ್ಕ ಮಗುವಿನ ಹಾಗೆ ತಲೆ ತಗ್ಗಿಸಿದರು. ನಾನು ಏಲಕ್ಕಿ ಡಬ್ಬಿ ಕೊಟ್ಟೆ. ಅವಳು ಮೂಸಿ, ಒಂದು ಕಾಯಿ ಕಚ್ಚಿ, ಉಳಿದದ್ದನ್ನು ತಲೆವಸ್ತ್ರದ ಅಂಚಿಗೆ ಕಟ್ಟಿಕೊಂಡು ಡಬ್ಬಿ ಮಾತ್ರ ವಾಪಸು ಕೊಟ್ಟಳು. ಬೇಡ ಬೇಡ ಎನ್ನುವ ನಾಟಕವನ್ನೆಲ್ಲ ಅವಳು ಆಡಲಿಲ್ಲ. ಆ ಕ್ಷಣಕ್ಕೇ ನನಗೆ ಅವಳು ಹಿಡಿಸಿದಳು.

ಗುಲಾಮಲಿ ಸುದ್ದಿ ಹೇಳಿದ. ಬಡಿಯುವ ಸದ್ದು ಒಂದೊಂದೇ ಮರದಲ್ಲಿ ನಿಂತಿತು. ಜನ ಸುತ್ತ ಸೇರಿದರು.

"ಮೂರು ಜನವೇ?" ಎಂದಳು ಬೀಬಿ. "ನನ್ನ ಹೊಟ್ಟೆಯಲ್ಲಿ ಹುಟ್ಟಿದವರೇ ಅದಕ್ಕಿಂತ ಹೆಚ್ಚು."

"ಈಗಲೇ ಎಲ್ಲರೂ ಇಳಿಯೋಣ. ಅವನೆದುರು ನಿಲ್ಲೋಣ" ಎಂದ ಗುಲಾಮಲಿ.

ಅಲ್ಲಿತ್ತು ತೊಡಕು. ಆ ಕಣಿವೆಯಲ್ಲಿ ಹಿಂದಿನಿಂದ ನಡೆದುಬಂದ ಕಟ್ಟಳೆಯೊಂದಿದೆ. ಬಡಿಯಲು ತೊಡಗಿದ ಮೇಲೆ ಕೊನೆಯ ಮರ ಮುಗಿಯುವವರೆಗೆ ಯಾವ ಮನೆಯವರೂ ಒಟ್ಟಾಗಿ ಮರ ಬಿಟ್ಟು ಇಳಿಯುವಂತಿಲ್ಲ. ಯಜಮಾನ ಬಿಟ್ಟುಹೋದ ಮರದ ಕೆಳಗೆ ಬಿದ್ದ ಕಾಯಿ ಆಯ್ದವನದ್ದು. ಕೆಳಗಿನ ಊರಿನವರು ಚೀಲ ಹಿಡಿದು ಬಂಡೆಗಳ ಹಿಂದೆ ಕಾಯುತ್ತಿರುತ್ತಾರೆ. ಇಳಿದರೆ ವರ್ಷದ ಕೂಳು ಹೋಯಿತು, ಇಳಿಯದಿದ್ದರೆ ಊರು ಹೋಯಿತು.

ಸುಮ್ಮನಿರಲಾರದೆ ನಾನು ಹೇಳಿದೆ, "ನಮ್ಮಲ್ಲಾದ್ರೆ ದೊಡ್ಡವರಿಗೆ ಒಂದು ಮನವಿ ಬರೆದು ಕಳಿಸ್ತೇವೆ ಅಂತ ಹೇಳ್ರೀ."

ಇವರು ಹೇಳಿದರು. ಬೀಬಿ ನನ್ನನ್ನು ನೋಡಿ ಕೇಳಿದಳು, "ಬರೆದು ಕಳಿಸಿದಿರಿ. ಅವರು ಬಂದರೇ?"

ನಾನು ಮತ್ತೊಂದು ಕಾಯಿ ಎತ್ತಿಕೊಂಡು ಸುಲಿಯತೊಡಗಿದೆ.

"ನಾವು ಯಾಕೆ ಇಳಿಯಬೇಕು?" ಎಂದು ಬೀಬಿ ಎಲ್ಲರಿಗೂ ಕೇಳುವಂತೆ ಹೇಳಿದಳು. "ಅವನೇ ಹತ್ತಲಿ. ಮೂರು ಜನ ಎಂದನಲ್ಲ, ಒಬ್ಬನಿಗೆ ಕಣ್ಣಿಲ್ಲ, ಒಬ್ಬನಿಗೆ ಕಾಲಿಲ್ಲ, ಒಬ್ಬಳಿಗೆ ಬಲವಿಲ್ಲ. ಹಾಗಾದರೆ ನಾಳೆ ಕಲ್ಲು ಎತ್ತುವವರು ಯಾರು?"

 ಮರದ ಮೇಲಿದ್ದ ಒಬ್ಬ ಬಿದ್ದು ಬಿದ್ದು ನಗತೊಡಗಿದ. ನೋಡುತ್ತಿದ್ದಂತೆ ಇಡೀ ಕಣಿವೆ ನಕ್ಕಿತು. ನನಗೊಬ್ಬಳಿಗೇ ತಲೆಬುಡ ತಿಳಿಯಲಿಲ್ಲ.

ಕಲ್ಲು

ತೋಟದ ಅಂಚಿನಲ್ಲಿ ನೀರಿನ ಕಾಲುವೆ ಕವಲೊಡೆಯುತ್ತದೆ. ಅಲ್ಲಿ ಒಂದು ಚಪ್ಪಡಿ ಕಲ್ಲು. ಕಲ್ಲು ಮುಚ್ಚಿದ್ದರೆ ನೀರು ಮೇಲಿನವರ ಮರಗಳಿಗೆ, ಎತ್ತಿದರೆ ಕೆಳಗಿನ ಊರಿಗೆ. ಪ್ರತಿದಿನ ಬೆಳಗಾಗುವಾಗ ಮೇಲಿನ ಊರಿನ ಒಂದು ಮನೆಯವರು ಬಂದು ಅದನ್ನು ಎತ್ತುತ್ತಾರೆ, ಸಂಜೆ ಮುಚ್ಚುತ್ತಾರೆ; ಕೆಳಗಿನವರು ಅದನ್ನು ಮುಟ್ಟುವಂತಿಲ್ಲ. ಸರದಿ ತಪ್ಪಿದ್ದನ್ನು ಬೀಬಿ ತನ್ನ ಜೀವಮಾನದಲ್ಲಿ ಕಂಡಿಲ್ಲ. ಸಾವಾದ ಮನೆಯವರೂ ಬಂದು ಕಲ್ಲು ಎತ್ತಿ ಆಮೇಲೆ ಹೆಣ ಎತ್ತಿದ್ದಾರಂತೆ.

ಮರುದಿನ ಕಲ್ಲನ್ನು ಯಾರೂ ಮುಟ್ಟಲಿಲ್ಲ. ಎಲ್ಲರೂ ಎಂದಿನಂತೆ ಮರ ಹತ್ತಿದರು. ನಮಗೆ ತೆಳುವಾದ ರೊಟ್ಟಿ, ಮೊಸರು, ಹಸಿ ಅಕ್ರೋಟು ಕೊಟ್ಟರು.  ಪೊಲೀಸರು ಬಂದರೆ? ಎಂದು ಇವರನ್ನು ಪೀಡಿಸಿದೆ. "ಸುಮ್ನೆ ಸುಲಿ ಮಾರಾಯ್ತಿ" ಎಂದರು.

ಬಿಸಿಲೇರುವ ಹೊತ್ತಿಗೆ ಕೆಳಗಿನಿಂದ ಕೂಗು ಕೇಳಿಸಿತು. ಮುಖಂಡ ಮುಂದೆ, ಅವನ ಹಿಂದೆ ನಾಲ್ಕೈದು ಜನ, ಎಲ್ಲರ ಹಿಂದೆ ಬೂಟು ಕೈಯಲ್ಲಿ ಹಿಡಿದುಕೊಂಡು ಕುಂಟುತ್ತ ಆ ಕಚೇರಿಯ ಯುವಕ. ನೀರು ತಡೆದರೆಂದು ದೂರು ಬರೆಸಲು ಅವನನ್ನೂ ಎಳೆದು ತಂದಿದ್ದರು. ಅವನ ಕೋಟಿನ ಬೆನ್ನು ಒದ್ದೆಯಾಗಿತ್ತು.

"ನೀರು ಯಾಕೆ ಬಿಟ್ಟಿಲ್ಲ?" ಎಂದು ಮುಖಂಡ ಅರಚಿದ.

ಬೀಬಿ ಕಂಬಳಿಯಿಂದ ಏಳಲಿಲ್ಲ. "ಯಾರನ್ನು ಕೇಳುತ್ತಿದ್ದೀಯಪ್ಪ? ಇಲ್ಲಿ ಯಾರೂ ಇಲ್ಲವಲ್ಲ. ಇರುವ ಮೂವರನ್ನು ಊರಲ್ಲಿ ಕೇಳು ಹೋಗು."

 ಬೀಬಿ ಅವನನ್ನು ಬಿಟ್ಟು ಯುವಕನ ಕಡೆ ತಿರುಗಿದಳು. "ಮಗನೇ, ಕೂತುಕೋ. ಚಹಾ ಕುಡಿ. ಹಿಂದೂಸ್ತಾನದ ಏಲಕ್ಕಿ ಹಾಕಿದ್ದೇನೆ. ಉಸಿರು ಬಂದ ಮೇಲೆ ಎಣಿಸು."

ಪಾಪ, ಆ ಹುಡುಗ ಕೆಟ್ಟವನಲ್ಲ. ಯಾರೋ ಕೋಳಿ ತಿನ್ನಿಸಿ ತೋರಿಸಿದ ಕಡೆ ನೋಡಿದವನು, ಅಷ್ಟೆ. ಚಹಾ ಕುಡಿದು, ಸುತ್ತ ನೋಡಿ, ಕಿವಿಯವರೆಗೆ ಕೆಂಪಾದ. ಮುಖಂಡ ಏನೋ ಪಿಸುಗುಟ್ಟಲು ಬಗ್ಗಿದಾಗ, ಅವನನ್ನು ಕೈಯಲ್ಲೇ ಆಚೆ ಸರಿಸಿ ಎದ್ದ.

ಒಂದೊಂದು ಮನೆಯವರು ಅವರವರ ಮರದ ಕೆಳಗೆ ನಿಂತರು. ಅಜ್ಜಂದಿರು, ಬಸುರಿಯರು, ಬೆನ್ನಿಗೆ ಕಟ್ಟಿದ ಕೂಸುಗಳು. ಹುಡುಗ ಬರಿಗಾಲಲ್ಲಿ ಮರದಿಂದ ಮರಕ್ಕೆ ನಡೆದು ಎಣಿಸಿದ. ಮರದ ಮೇಲಿದ್ದವರು "ನಾನೂ ಇದ್ದೀನಿ" ಎಂದು ಕೊಂಬೆ ಅಲ್ಲಾಡಿಸಿದರು. ನನಗೆ ಉತ್ಸಾಹ ತಡೆಯಲಾಗಲಿಲ್ಲ. ಇವರ ತೋಳು ಹಿಡಿದು ಎಳೆದುಕೊಂಡು ಹೋಗಿ ಗುಲಾಮಲಿಯ ಮರದ ಕೆಳಗೆ, ಅವನ ಹೆಂಡತಿ ಮಕ್ಕಳ ಸಾಲಿನ ಕೊನೆಗೆ ನಿಂತುಬಿಟ್ಟೆ. ಹೊದ್ದ ಶಾಲಿತ್ತು, ಕೈ ಕಪ್ಪಾಗಿತ್ತು, ಯಾರಿಗೆ ಗೊತ್ತಾಗುತ್ತಿತ್ತು?

ಬೀಬಿಗೆ ಗೊತ್ತಾಯಿತು. ಕೋಲೂರಿಕೊಂಡು ಬಂದವಳೇ ನನ್ನ ರಟ್ಟೆ ಹಿಡಿದು ಆಚೆಗೆಳೆದಳು.

"ಎರಡು ತಲೆ ಜಾಸ್ತಿಯಾದ್ರೆ ಒಳ್ಳೇದಲ್ವಾ ಅಂತ ಕೇಳ್ರೀ" ಎಂದೆ, ಅವಮಾನವಾಗಿ.

ಇವರು ಕೇಳಿದರು. ಬೀಬಿಯ ಉತ್ತರ ಥಟ್ಟನೆ ಬಂತು, "ಎರಡು ತಲೆ ಸುಳ್ಳಾದರೆ ಉಳಿದ ತಲೆಗಳೂ ಸುಳ್ಳು ಎನ್ನುತ್ತಾನೆ ಆ ಕೆಳಗಿನವನು. ನಾವು ಎಷ್ಟಿದ್ದೇವೋ ಅಷ್ಟೇ ಸಾಕು."

ಸಿಟ್ಟು ಬಂತು, ಇಲ್ಲ ಎನ್ನುವುದಿಲ್ಲ. ಒಂದು ಬಂಡೆಯ ಮೇಲೆ ಹೋಗಿ ಕೂತೆ. ಕೂತಲ್ಲೇ ಕಣ್ಣು ತುಂಬಿತು. ನಾವು ಎಷ್ಟಿದ್ದೇವೋ ಅಷ್ಟೇ ಸಾಕು! ಹಡಗಿನಲ್ಲಿ ಆ ದೊಡ್ಡ ಮನುಷ್ಯರಿಗೆ ನಾನು ಹೇಳಬೇಕಾಗಿದ್ದದ್ದು ಇದೊಂದೇ ಮಾತು. ಪಕ್ಕದ ಮನೆ, ಹನ್ನೆರಡು ಜನ ಎಂದು ಏನೇನೋ ಹೇಳಿದ್ದೆ.

ಊರಲ್ಲಿದ್ದ ಮೂವರನ್ನೂ ಸೇರಿಸಿ ನೂರ ಎಂಬತ್ತೇಳು ಜನ. ಹುಡುಗ ಬರೆದುಕೊಂಡ. "ಗಟ್ಟಿಯಾಗಿ ಓದು" ಎಂದಳು ಬೀಬಿ. ಅವನು ನಿಂತು ಓದಿದ. ಗೆರ್ದೂದರೆ. ಊರು. ನೂರ ಎಂಬತ್ತೇಳು. ಹೆಂಗಸರು ನಾಲಗೆ ಹೊರಳಿಸಿ ಹಾಕಿದ ಕೇಕೆಗೆ ಬೆಟ್ಟದಲ್ಲಿ ಮೇಯುತ್ತಿದ್ದ ಆಡುಗಳು ಚದುರಿ ಓಡಿದವು.

ಅಂದು ಸರದಿ ಇದ್ದ ಮನೆಯವರು ಹೋಗಿ ಕಲ್ಲು ಎತ್ತಿದರು. ನೀರು ಕೆಳಗಿನ ಊರಿನ ಕಡೆ ಹರಿಯಿತು. ಒಂದು ಹನಿಯನ್ನೂ ಅವರು ಹಿಡಿದಿಟ್ಟುಕೊಳ್ಳಲಿಲ್ಲ. ಮುಖಂಡ ಯಾರ ಮುಖವನ್ನೂ ನೋಡದೆ ನೀರಿನ ಜೊತೆಗೇ ಇಳಿದುಹೋದ. ಅವನು ಮತ್ತೆ ಯಾವ ಕಿತಾಪತಿ ಮಾಡುತ್ತಾನೋ ದೇವರೇ ಬಲ್ಲ.

ಸಂಜೆ ಕಾಲುವೆಯ ಬದಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದಾಗ ಬೀಬಿ ನಮ್ಮ ದೇಶದ ವಿಚಾರ ಕೇಳಿದಳು. ನಮ್ಮದು ಸಣ್ಣ ರಾಜ್ಯ ಎಂದೆ. ಪಕ್ಕದ ದೊಡ್ಡ ರಾಜ್ಯಕ್ಕೆ ಸೇರಿಸುವ ಮಾತು ನಡೆದಿದೆ, ನಾವು ಸಾಕಷ್ಟು ಜನ ಇಲ್ಲವಂತೆ ಎಂದೆ.

"ನಿಮಗೆ ನೀರು ಅವರ ಕಡೆಯಿಂದ ಬರುತ್ತದೋ, ಅವರಿಗೆ ನಿಮ್ಮ ಕಡೆಯಿಂದಲೋ?" ಎಂದು ಕೇಳಿದಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ ವಿವರ.

"ನಮ್ಮ ಕಡೆಯಿಂದ ಬೀಬಿ. ಕಾವೇರಿ ಹುಟ್ಟೋದೇ ನಮ್ಮ ಬೆಟ್ಟದಲ್ಲಿ. ಕೆಳಗಿನವರೆಲ್ಲ ಆ ನೀರಲ್ಲೇ ಗದ್ದೆ ಮಾಡ್ತಾರೆ."

ಬೀಬಿಯ ಕಣ್ಣು ಮಿಂಚಿತು. "ಹಾಗಾದರೆ ನಿಮ್ಮ ಕಲ್ಲು ಎಲ್ಲಿದೆ?"

"ಕಲ್ಲಿಲ್ಲ. ದೊಡ್ಡ ಹೊಳೆ ಅದು. ನಿಲ್ಲಿಸ್ಲಿಕ್ಕೂ ಆಗಲ್ಲ, ನಿಲ್ಲಿಸ್ಲೂಬಾರದು. ನಮಗದು ತಾಯಿ."

ಇವರು ಅದನ್ನು ಪಾರ್ಸಿಯಲ್ಲಿ ಹೇಳಿ ಮುಗಿಸುವವರೆಗೆ ಬೀಬಿ ನೀರನ್ನೇ ನೋಡುತ್ತಿದ್ದಳು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು ಏನೋ ಹೇಳಿದಳು. ನಮ್ಮ ಮನೆಯವರು ಕನ್ನಡಕ್ಕೆ ತರದೆ ತಮ್ಮಷ್ಟಕ್ಕೇ ನಗತೊಡಗಿದರು.

"ಏನಂದ್ರು? ಹೇಳ್ರೀ!"

"ಕಲ್ಲಿಲ್ಲದಿದ್ರೆ ಹೋಗ್ಲಿ, ಇವಳಿಗೆ ಬಾಯಿ ಇದೆಯಲ್ಲ, ಅದನ್ನ ಮುಚ್ಚದೇ ಇದ್ರೆ ಸಾಕು ಅಂತಿದ್ದಾರೆ."